ಮದ್ಯ ಮುಟ್ಟದವರ ಯಕೃತ್ತಿನಲ್ಲಿ ಕೊಬ್ಬು

ಪ್ರಶ್ನೆ: ನಾನು 44 ವರ್ಷದ ಉಪಾಧ್ಯಾಯ, ಸಸ್ಯಾಹಾರಿ, ಮದ್ಯವನ್ನು ಎಂದೂ ಮುಟ್ಟಿದವನಲ್ಲ. ಎತ್ತರ 165 ಸೆಂ.ಮೀ., ತೂಕ 66 ಕಿಲೋ, ಸೊಂಟದ ಸುತ್ತಳತೆ 94 ಸೆಂ.ಮೀ. ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದಂದಿನಿಂದ ಮನೆಯವರೇ ನನ್ನನ್ನು ಸಂಶಯದಿಂದ ನೋಡುತ್ತಿದ್ದಾರೆ. ಇದಕ್ಕೆ ಕಾರಣವೇನು? ತುಪ್ಪ ಬಿಟ್ಟರೆ ಸಾಕೆ?

ಉತ್ತರ: ಮೊದಲು ತಮ್ಮ ಮೇಲಿನ ಅಪವಾದವನ್ನು ಕಳೆಯೋಣ. ಮದ್ಯಪಾನವು ಈ ವ್ಯಾಧಿಗೆ ಪ್ರಬಲ ಕಾರಣಗಳಲ್ಲೊಂದೆಂಬುದು ನಿಜವಾದರೂ, ಕುಡಿತದ ಚಟವಿಲ್ಲದವರ ಯಕೃತ್ತಿನಲ್ಲಿಯೂ ಕುಡುಕರಲ್ಲಿ ಕಾಣುವಂಥದೇ ಕೊಬ್ಬನ್ನೂ ಉರಿಯೂತವನ್ನೂ ಕಂಡು, ಅಮೆರಿಕದ ಮೇಯೊ ಕ್ಲಿನಿಕ್ಕಿನ ಲುಡ್ವಿಗ್ ಮತ್ತು ಅವರ ಸಂಗಡಿಗರು 1980ರಷ್ಟು ಹಿಂದೆಯೇ ಅದಕ್ಕೊಂದು ಪ್ರತ್ಯೇಕ ನಾಮಧೇಯವನ್ನು ಕೊಟ್ಟಿದ್ದಾರೆ.

ಇನ್ನು ತುಪ್ಪದ ಮಾತು. ಅನ್ನದಿಂದಲೂ ಕಾಫಿಯ ಸಕ್ಕರೆಯಿಂದಲೂ ಒದಗುವ ಗ್ಲೂಕೋಸನ್ನು ಸ್ನಾಯುಗಳೊಳಕ್ಕೆ ಸೇರಿಸತಕ್ಕ ಇನ್ಸುಲಿನ್ನಿಗೆ, ಮೈ ದುಡಿಯದೆ ಉದರದೊಳಗೆ ಮೇದಸ್ಸು ಬೆಳೆದಂತೆಲ್ಲ, ಆ ಸ್ನಾಯುಗಳು ಮಣಿಯದಾಗುತ್ತವೆ. ಆಗ ಮೇದಸ್ಸಿನಿಂದ ಒಸರಿದ ಕೊಬ್ಬಿನಾಮ್ಲಗಳು ಯಕೃತ್ತಿಗೆ ಹರಿದುಬರುವುದಲ್ಲದೆ, ಮಿಕ್ಕ ಸಕ್ಕರೆಯನ್ನು ಯಕೃತ್ತು ತಾನೇ ಕೊಬ್ಬಾಗಿ ಮಾರ್ಪಡಿಸಿ, ಹೊರಗೆ ಸಾಗಿಸಲಾರದುದನ್ನು ತನ್ನೊಳಗೆ ತುಂಬಿಕೊಳ್ಳುತ್ತದೆ. ಆದುದರಿಂದ ತುಪ್ಪವೊಂದನ್ನೇ ಬಹಿಷ್ಕರಿಸಿ, ಎರಡನೆಯ ಸಲದ ಅನ್ನವನ್ನೂ ಸಂಜೆಯ ಸಿಹಿಯನ್ನೂ ಉಳಿಸಿಕೊಂಡರೆ ಫಲ ದೊರೆಯದು.

ತಮ್ಮ ತೂಕ ಅಲ್ಪವೆಂದು ತೋರಬಹುದು. ಆದರೆ ಭಾರತೀಯರಲ್ಲಿ ದೇಹತೂಕ ಸೂಚ್ಯಂಕವು 23ನ್ನು ಮುಟ್ಟಿದೊಡನೆ ಅಧಿಕ ತೂಕವೆಂದೂ, ಸೊಂಟದ ಅಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂ.ಮೀ. ತಲುಪಿದರೆ ಅಪಾಯವೆಂದೂ ಎಣಿಸುತ್ತೇವೆ. ತಮ್ಮ ಸೂಚ್ಯಂಕವು 24ನ್ನು ದಾಟಿದೆ. ಸೊಂಟವೂ ಮಿತಿಯನ್ನು ಮೀರಿದೆ. ಮಧುಮೇಹ, ರಕ್ತದಲ್ಲಿ ಟ್ರೈಗ್ಲಿಸರೈಡಿನ ಆಧಿಕ್ಯ, ಥೈರಾಯ್ಡಿನ ಮಾಂದ್ಯ, ಸ್ತ್ರೀಯರಲ್ಲಿ ಪಿ.ಸಿ.ಓ.ಎಸ್., ವಂಶವಾಹಿಗಳ ಪ್ರಭಾವ, ಸ್ಟೀರಾಯ್ಡ್, ಟ್ಯಾಮೊಕ್ಸಿಫೆನ್ ಮುಂತಾದ ಔಷಧಗಳು, ಇವೂ ಸಹಕಾರಿ ಕಾರಣಗಳೇ. ಔಷಧವನ್ನು ಮಾತ್ರ ವೈದ್ಯರನ್ನು ಕೇಳದೆ ಯಾರೂ ನಿಲ್ಲಿಸಕೂಡದು.

ನೋವಿಲ್ಲವೆಂದು ಉದಾಸೀನ ಸಲ್ಲದು; ಬಹುಮಂದಿಯಲ್ಲಿ ಕೊಬ್ಬು ಕೊಬ್ಬಾಗಿಯೇ ನಿಂತರೂ, ಕೆಲವರಲ್ಲಿ ಉರಿಯೂತವೂ ಕಲೆಗಟ್ಟುವಿಕೆಯೂ ಸದ್ದಿಲ್ಲದೆ ಮುಂದುವರಿದು ಸಿರೋಸಿಸ್ಸಿನಲ್ಲಿ ಪರ್ಯವಸಾನವಾಗುತ್ತವೆ. ರಕ್ತದ ಸಕ್ಕರೆ, ಕೊಬ್ಬು, ಥೈರಾಯ್ಡ್, ಯಕೃತ್ತಿನ ಕಿಣ್ವ ಹಾಗೂ ಪ್ಲೇಟ್‌ಲೆಟ್ ಪರೀಕ್ಷೆಗಳನ್ನು ಮಾಡಿಸಿ ತಮ್ಮ ವೈದ್ಯರಿಗೆ ತೋರಿಸಿರಿ. ತೂಕದ ಶೇಕಡಾ 7ರಿಂದ 10ರಷ್ಟು, ಅಂದರೆ ತಮ್ಮಲ್ಲಿ ಐದಾರು ಕಿಲೋ, ನಿಧಾನವಾಗಿ ಇಳಿದರೆ ಕೊಬ್ಬೂ ಉರಿಯೂತವೂ ತಗ್ಗುವುದು ಕಂಡುಬಂದಿದೆ. ಶಾಲೆಗೆ ನಡೆದು ಹೋಗುವಷ್ಟು ದಾರಿಯಿದ್ದರೆ ನಾಳೆಯಿಂದಲೇ ಸ್ಕೂಟರನ್ನು ಮನೆಯಲ್ಲಿ ಬಿಡಿರಿ. ಮನೆಯವರಿಗೆ ಈ ಉತ್ತರವನ್ನು ಓದಿ ಹೇಳಿರಿ, ಅನ್ನ ಬಡಿಸುವ ಕೈಗೂ ಅದು ತಿಳಿದಿರಬೇಕು.