ಹತ್ತರ ಗುಣಾಕಾರ: ನಿಯಮಕ್ಕೆ ಮುನ್ನ ನೋಟ

ಐವತ್ತನ್ನು ನಲವತ್ತರಿಂದ ಗುಣಿಸಲು ಹೇಳಿದರೆ ಕೆಲವು ಮಕ್ಕಳು 200 ಎಂದು ಬರೆಯುವುದುಂಟು. ಸೊನ್ನೆಗಳನ್ನು ಬಿಟ್ಟು ಗುಣಿಸಿ, ಕೊನೆಯಲ್ಲಿ ಸೇರಿಸಬೇಕೆಂಬ ನಿಯಮ ಅವರಿಗೆ ಬಾಯಿಪಾಠವಾಗಿರುತ್ತದೆ. ಐದು ನಾಲ್ಕಲೆ ಇಪ್ಪತ್ತು ಎನ್ನುವಾಗಲೇ ಒಂದು ಸೊನ್ನೆ ಬಂದಿತೆಂದು ಭಾವಿಸಿ, ಇನ್ನೊಂದನ್ನಷ್ಟೇ ಹಚ್ಚುತ್ತಾರೆ. ಉತ್ತರ ಹತ್ತು ಪಟ್ಟು ಕಡಿಮೆಯಾದರೂ ಮಗುವಿಗೆ ಸಂಶಯವೇ ಬಾರದು. ಬೋಧಕರು ಚಿಂತಿಸಬೇಕಾದುದು ಇದನ್ನೇ.

ಸಂಖ್ಯೆಯನ್ನು ಕಣ್ಣಿಗೆ ಕಾಣಿಸುವುದೇ ಇದಕ್ಕೆ ಪರಿಹಾರ. ಮೊದಲು ಹತ್ತು ಹತ್ತು ಕಡ್ಡಿಗಳ ಕಟ್ಟುಗಳನ್ನು ಮಾಡಿಸಬೇಕು. ಸಾಲಿಗೆ ಮೂರು ಕಟ್ಟುಗಳಂತೆ ನಾಲ್ಕು ಸಾಲು ಇಟ್ಟರೆ ಹನ್ನೆರಡು ಕಟ್ಟುಗಳಾಗುತ್ತವೆ. ಅವುಗಳಲ್ಲಿ ಹತ್ತನ್ನು ಕೂಡಿಸಿ ಕಟ್ಟಿದರೆ ಒಂದು ನೂರು. ಉಳಿದವು ಎರಡು ಹತ್ತು. ಹೀಗೆ 4 × 30 = 120 ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ.

ಎರಡೂ ಸಂಖ್ಯೆಗಳು ಹತ್ತರ ಗುಣಕಗಳಾದಾಗ ಚೌಕುಳಿ ಹಾಳೆ ನೆರವಾಗುತ್ತದೆ. 30 ಮನೆ ಉದ್ದ, 20 ಮನೆ ಅಗಲದ ಆಯತವನ್ನು ಬರೆಸಿ, ಎರಡೂ ದಿಕ್ಕಿನಲ್ಲಿ ಹತ್ತು ಮನೆಗಳಿಗೊಮ್ಮೆ ದಪ್ಪ ಗೆರೆ ಎಳೆಸಬೇಕು. ಆಗ ಆರು ದೊಡ್ಡ ಚೌಕಗಳು ಮೂಡುತ್ತವೆ. ಪ್ರತಿಯೊಂದರಲ್ಲೂ ನೂರು ಮನೆಗಳು, ಒಟ್ಟು 600. ಹತ್ತನ್ನು ಹತ್ತರಿಂದ ಗುಣಿಸಿದರೆ ನೂರಾಗುವುದೇ ಎರಡು ಸೊನ್ನೆಗಳ ಮರ್ಮ. ಇದೇ ರೀತಿ 50 × 40ರ ಆಯತದಲ್ಲಿ ಇಪ್ಪತ್ತು ದೊಡ್ಡ ಚೌಕಗಳಿರುತ್ತವೆ. ಇಪ್ಪತ್ತು ನೂರುಗಳೆಂದರೆ 2000. ಮೊದಲು 200 ಎಂದು ಬರೆದ ಮಗು ಚಿತ್ರವನ್ನು ನೋಡಿ ತನ್ನ ಉತ್ತರವನ್ನು ತಾನೇ ತಿದ್ದಿಕೊಳ್ಳಬಲ್ಲದು.

1939ರಲ್ಲಿ ಭಾರತಕ್ಕೆ ಬಂದ ಮರಿಯಾ ಮಾಂಟೆಸೊರಿಯವರ ಬಂಗಾರದ ಮಣಿಗಳಲ್ಲಿಯೂ ಇದೇ ತತ್ತ್ವವಿದೆ. ಒಂದು ಮಣಿ ಬಿಡಿ. ಹತ್ತು ಮಣಿಗಳ ಸರಳು ಹತ್ತು. ಅಂಥ ಹತ್ತು ಸರಳುಗಳ ಚೌಕ ನೂರು. ಹತ್ತು ಚೌಕಗಳ ಘನ ಸಾವಿರ. ಆ ಮಣಿಗಳು ದೊರೆಯದ ಶಾಲೆಯಲ್ಲಿ ಕಡ್ಡಿ, ದಾರ, ಚೌಕುಳಿ ಹಾಳೆಗಳೇ ಸಾಕು.

ಈ ನೋಟ ಮುಂದಿನ ತರಗತಿಗಳಿಗೂ ಬುನಾದಿ. 34 × 23ರ ಆಯತವನ್ನು ನಾಲ್ಕು ಭಾಗ ಮಾಡಿದರೆ 600, 90, 80, 12 ದೊರೆತು, ಮೊತ್ತ 782 ಆಗುತ್ತದೆ. ದಶಮಾಂಶದಲ್ಲಿ ಸೊನ್ನೆ ಹಚ್ಚುವ ನಿಯಮ ಕೈಕೊಡುತ್ತದೆ: 2.5ಕ್ಕೆ ಸೊನ್ನೆ ಹಚ್ಚಿದರೆ ಬರುವ 2.50ರ ಬೆಲೆ ಮೊದಲಿನಷ್ಟೇ. ಅದರ ಹತ್ತು ಪಟ್ಟು 25. ಸ್ಥಾನಬೆಲೆಯನ್ನು ಅರಿತ ಮಗು ಅಲ್ಲಿ ಎಡವುವುದು ಕಡಿಮೆ.

ಮಗ್ಗಿಯೂ ಬೇಕು, ನಿಯಮವೂ ಬೇಕು. ಆದರೆ ಕಡ್ಡಿಯನ್ನು ಕಟ್ಟಿ, ಗೆರೆಯನ್ನು ಎಳೆದು, ಕಾರಣವನ್ನು ಕಂಡ ಮೇಲೆ ನಿಯಮವನ್ನು ಮಗುವಿನ ಬಾಯಿಂದಲೇ ಹೇಳಿಸುವುದು ಲೇಸು. ತನ್ನ ಉತ್ತರ ಸರಿಯೋ ತಪ್ಪೋ ಎಂದು ಪರರನ್ನು ಕೇಳದೆ ನಿರ್ಣಯಿಸುವ ಶಕ್ತಿ ಮಕ್ಕಳಲ್ಲಿ ಮೂಡಿದಾಗಲೇ ಗಣಿತಬೋಧನೆ ಸಾರ್ಥಕವಾಗುತ್ತದೆ.