ಒಂದು ರೆಂಬೆಯಲ್ಲಿ ಪಟ್ಟೆ ಮಾಯ

ಗಾಬರಿ ಬೇಡ, ನಿಮ್ಮ ‘ಅಭಿಸಾರಿಕಾ’ ಕೆಟ್ಟಿಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ‘ಕಿಸ್ ಆಫ್ ಫೈರ್’ ತಳಿಗೆ ವಿಕಿರಣ ಹಾಯಿಸಿ ಪಡೆದ ಪಟ್ಟೆ ಹೂವಿನ ಗುಲಾಬಿ ಇದು. ಹೀಗೆ ಬಂದ ಪಟ್ಟೆ ಒಮ್ಮೊಮ್ಮೆ ಯಾವುದೋ ಒಂದು ರೆಂಬೆಯಲ್ಲಿ ಅಳಿಸಿಹೋಗುವುದುಂಟು. ಒಂದೇ ಬಣ್ಣದ ಹೂ ಬಿಡುವ ಆ ರೆಂಬೆಯನ್ನು ಹುಟ್ಟಿದ ಜಾಗದಲ್ಲೇ ಕತ್ತರಿಸಿ. ಬಿಟ್ಟರೆ ಗಿಡವನ್ನೆಲ್ಲ ಅದೇ ಆವರಿಸೀತು. ಕತ್ತರಿಸುವ ಮೊದಲು ಕಸಿಗಂಟು ನೋಡಿ. ರೆಂಬೆ ಅದರ ಕೆಳಗಿನಿಂದ ಎದ್ದಿದ್ದರೆ ಅದು ಬೇರುಗಿಡದ ಚಿಗುರು, ಕಿತ್ತೇ ತೆಗೆಯಿರಿ.

ನೀರು ಬುಡಕ್ಕೆ ಮಾತ್ರ ಹಾಕಿ, ಎಲೆ ತೊಯ್ದಷ್ಟೂ ಕಪ್ಪು ಚುಕ್ಕೆ ರೋಗ ಹೆಚ್ಚು. ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ, ಚಾಟನಿ ಮಾಡಿ ಕೊಟ್ಟಿಗೆ ಗೊಬ್ಬರ ಕೊಡಿ. ಅಂಗಳ ಚಿಕ್ಕದಾದರೂ ದಿನಕ್ಕೆ 6 ಗಂಟೆ ಬಿಸಿಲು ಬೀಳುವ ಮೂಲೆಯನ್ನು ದಯವಿಟ್ಟು ಈ ಗಿಡಕ್ಕೇ ಬಿಟ್ಟುಕೊಡಿ.