ಜೊಂಡಿನ ಕಡ್ಡಿಯ ಪುಟ್ಟ ಬೇಟೆಗಾರ

ಮಕ್ಕಳೇ, ಏರೋಪ್ಲೇನ್ ಚಿಟ್ಟೆಯನ್ನು ನೀವೆಲ್ಲ ನೋಡಿದ್ದೀರಿ. ಮಳೆ ಬಿಟ್ಟ ಮೇಲೆ ಬಯಲಿನಲ್ಲಿ ಗುಂಪು ಗುಂಪಾಗಿ ಹಾರಾಡುತ್ತದೆಯಲ್ಲ, ಅದೇ. ಅದಕ್ಕೆ ಒಬ್ಬ ಹತ್ತಿರದ ನೆಂಟನಿದ್ದಾನೆ. ಕೆರೆ, ಕುಂಟೆ, ಭತ್ತದ ಗದ್ದೆಗಳ ಅಂಚಿನಲ್ಲಿ ಹುಲ್ಲಿನಿಂದ ಹುಲ್ಲಿಗೆ ಮೆಲ್ಲಗೆ ಹಾರುವ, ಸೂಜಿಯಂತೆ ತೆಳ್ಳಗಿರುವ ಈ ಕೀಟದ ಹೆಸರು ಡ್ಯಾಮ್ಸೆಲ್ ಫ್ಲೈ.

ನಾವು ಚಿಟ್ಟೆ ಎಂದು ಕರೆದರೂ ಇವೆರಡೂ ಚಿಟ್ಟೆಗಳಲ್ಲ. ಒಡೊನೇಟ ಎಂಬ ಗಣಕ್ಕೆ ಸೇರಿದ ಕೀಟಗಳು. ಜಗತ್ತಿನಲ್ಲಿ ಈ ಗಣದ 6,000ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಡ್ಯಾಮ್ಸೆಲ್ ಫ್ಲೈಗಳು.

ಗುರುತಿಸುವುದು ಹೇಗೆ?

ಕೀಟ ಕುಳಿತಾಗ ರೆಕ್ಕೆಗಳನ್ನು ನೋಡಿ. ಏರೋಪ್ಲೇನ್ ಚಿಟ್ಟೆ ನಾಲ್ಕೂ ರೆಕ್ಕೆಗಳನ್ನು ವಿಮಾನದಂತೆ ಅಗಲಿಸಿ ಕೂರುತ್ತದೆ. ಡ್ಯಾಮ್ಸೆಲ್ ಫ್ಲೈಗಳಲ್ಲಿ ಹೆಚ್ಚಿನವು ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿ ಇಟ್ಟುಕೊಳ್ಳುತ್ತವೆ. ಕಣ್ಣುಗಳನ್ನೂ ಗಮನಿಸಿ. ಡ್ಯಾಮ್ಸೆಲ್ ಫ್ಲೈಯ ಎರಡು ಕಣ್ಣುಗಳು ತಲೆಯ ಎರಡು ತುದಿಗಳಲ್ಲಿ ದೂರ ದೂರ ಇರುತ್ತವೆ. ಹೆಚ್ಚಿನ ಏರೋಪ್ಲೇನ್ ಚಿಟ್ಟೆಗಳಲ್ಲಿ ಅವು ನಡುವೆ ಒಂದನ್ನೊಂದು ಮುಟ್ಟುತ್ತವೆ.

ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಬಗೆ ಕೋರಮಂಡಲ್ ಮಾರ್ಷ್ ಡಾರ್ಟ್. ಗಂಡಿನ ಹೊಟ್ಟೆಯ ಭಾಗ ಅರಿಸಿನದಂತೆ ಹಳದಿ. ಹೆಣ್ಣಿನ ಬಣ್ಣ ಮಂಕು. ಉದ್ದ ನಾಲ್ಕು ಸೆಂಟಿಮೀಟರಿಗಿಂತ ಕಡಿಮೆ.

ನೀರಿನೊಳಗಿನ ಬಾಲ್ಯ

ಹೆಣ್ಣು ಕೀಟ ಮೊಟ್ಟೆಗಳನ್ನು ನೀರಿಗೆ ಸುಮ್ಮನೆ ಉದುರಿಸುವುದಿಲ್ಲ. ಅದರ ಹೊಟ್ಟೆಯ ತುದಿಯಲ್ಲಿ ಚೂಪಾದ ಅಂಗವೊಂದಿದೆ. ಅದರಿಂದ ನೀರಿನ ಗಿಡದ ಕಾಂಡವನ್ನೋ ಎಲೆಯನ್ನೋ ಸೀಳಿ, ಅದರೊಳಗೆ ಒಂದೊಂದೇ ಮೊಟ್ಟೆಯನ್ನು ಸೇರಿಸುತ್ತದೆ. ಆಗ ಅನೇಕ ಪ್ರಭೇದಗಳಲ್ಲಿ ಗಂಡು ತನ್ನ ಬಾಲದ ತುದಿಯಿಂದ ಹೆಣ್ಣಿನ ಕುತ್ತಿಗೆಯ ಭಾಗವನ್ನು ಹಿಡಿದುಕೊಂಡೇ ಇರುತ್ತದೆ. ಬೇರೆ ಗಂಡುಗಳು ಹತ್ತಿರ ಬಾರದಂತೆ ಇದು ಕಾವಲು!

ಮೊಟ್ಟೆಯೊಡೆದು ಬರುವ ಮರಿಗೆ ಅಪ್ಸರೆ ಎಂದು ಹೆಸರು. ಹೆಸರು ಕೇಳಿ ಮೋಸಹೋಗಬೇಡಿ, ಇದು ಪಕ್ಕಾ ಬೇಟೆಗಾರ. ಇದರ ಕೆಳತುಟಿ ಕೈಯಂತೆ ಮಡಚಿಕೊಂಡು ತಲೆಯ ಅಡಿಯಲ್ಲಿರುತ್ತದೆ. ಸೊಳ್ಳೆಯ ಮರಿಯೋ ಬೇರೆ ಸಣ್ಣ ಜೀವಿಯೋ ಹತ್ತಿರ ಸುಳಿದರೆ ತುಟಿ ಫಕ್ಕನೆ ಮುಂದಕ್ಕೆ ಚಾಚುತ್ತದೆ. ತುದಿಯ ಕೊಂಡಿಗಳು ಬೇಟೆಯನ್ನು ಹಿಡಿದು ಬಾಯಿಗೆ ತರುತ್ತವೆ.

ಅಪ್ಸರೆಯ ಬಾಲದಲ್ಲಿ ಎಲೆಯಾಕಾರದ ಮೂರು ಕಿವಿರುಗಳಿವೆ. ಅವು ಉಸಿರಾಟಕ್ಕೂ ಈಜುವುದಕ್ಕೂ ನೆರವಾಗುತ್ತವೆ. ಶತ್ರು ಬಾಲ ಹಿಡಿದರೆ ಒಂದು ಕಿವಿರನ್ನು ಕಳಚಿಕೊಟ್ಟು ಪಾರಾಗಬಲ್ಲದು. ಮುಂದೆ ಪೊರೆ ಬಿಡುವಾಗ ಹೊಸ ಕಿವಿರು ಬೆಳೆಯುತ್ತದೆ. ಹಲ್ಲಿಯ ಬಾಲ ನೆನಪಾಯಿತೇ?

ರೆಕ್ಕೆ ಬರುವ ದಿನ

ಚಿಟ್ಟೆಯ ಬದುಕಿನಲ್ಲಿ ಬರುವ ಕೋಶದ ಹಂತ ಇದಕ್ಕಿಲ್ಲ. ಅಪ್ಸರೆ ಹಲವು ಸಲ ಪೊರೆ ಬಿಟ್ಟು ಬೆಳೆಯುತ್ತದೆ. ಕೊನೆಗೊಂದು ದಿನ ಜೊಂಡಿನ ಕಡ್ಡಿಯನ್ನು ಹತ್ತಿ ನೀರಿನಿಂದ ಮೇಲೆ ಬರುತ್ತದೆ. ಬೆನ್ನಿನ ಪೊರೆ ಬಿರಿದು ರೆಕ್ಕೆಯ ಕೀಟ ಹೊರಬರುತ್ತದೆ. ರೆಕ್ಕೆ ಬಲಿಯುವ ತನಕ ಅದು ಹಾರಲಾರದು. ಹಕ್ಕಿ, ಇರುವೆ, ಜೇಡಗಳಿಗೆ ಆಗ ಸುಲಭದ ತುತ್ತು. ಪಾರಾದರೆ ಕೆಲವು ವಾರ ಬದುಕಿ, ಸಣ್ಣ ನೊಣ, ಸೊಳ್ಳೆಗಳನ್ನು ಹಿಡಿದು ತಿನ್ನುತ್ತದೆ.

ದಡದ ಗಿಡಗಳು ಕಸವೇ?

ಈಗ ಯೋಚಿಸಿ. ಮೊಟ್ಟೆಗೆ ಗಿಡದ ಕಾಂಡ ಬೇಕು. ಮರಿಗೆ ಅಡಗಲು ಗಿಡದ ಬುಡ ಬೇಕು. ಹೊರಬರಲು ಹತ್ತುವ ಕಡ್ಡಿ ಬೇಕು. ಬೆಳೆದ ಮೇಲೆ ಕೂತು ಬೇಟೆಗೆ ಕಾಯಲು ಹುಲ್ಲು ಬೇಕು. ಕೆರೆಯನ್ನು ಚೊಕ್ಕಟ ಮಾಡುತ್ತೇವೆಂದು ದಡದ ಗಿಡಗಳನ್ನೆಲ್ಲ ಕಿತ್ತು ಸುತ್ತಲೂ ಕಾಂಕ್ರೀಟ್ ಗೋಡೆ ಕಟ್ಟಿದರೆ ಏನಾಗುತ್ತದೆ? ನೀರು ತುಂಬಿರುತ್ತದೆ, ಆದರೆ ಈ ಕೀಟಕ್ಕೆ ಮನೆ ಇರುವುದಿಲ್ಲ. ಹೂಳು ತೆಗೆಯುವುದು ಅಗತ್ಯದ ಕೆಲಸವೇ. ಕೆರೆಯನ್ನೆಲ್ಲ ಕಳೆ ಮುಚ್ಚುವುದೂ ಒಳ್ಳೆಯದಲ್ಲ. ಆದರೆ ದಡದ ಒಂದು ಭಾಗದಲ್ಲಾದರೂ ಜೊಂಡು, ಹುಲ್ಲು ಉಳಿಯಬೇಕು.

ನೀವೇ ಮಾಡಿ ನೋಡಿ

ಬಿಸಿಲಿರುವ ದಿನ ಬೆಳಿಗ್ಗೆ ಹತ್ತು ಗಂಟೆಯ ನಂತರ ಶಿಕ್ಷಕರೊಂದಿಗೆ ಹತ್ತಿರದ ಕೆರೆಗೆ ಹೋಗಿ. ನೀರಿಗೆ ಇಳಿಯಬೇಡಿ, ಕೀಟಗಳನ್ನು ಹಿಡಿಯಬೇಡಿ. ಗಿಡಗಳಿರುವ ದಡದಲ್ಲಿ ಹತ್ತು ನಿಮಿಷ, ಗಿಡಗಳಿಲ್ಲದ ದಡದಲ್ಲಿ ಹತ್ತು ನಿಮಿಷ ನಿಂತು ಎಣಿಸಿ. ಎಷ್ಟು ಕಂಡವು? ಎಷ್ಟು ಬಣ್ಣದವು? ಕಡ್ಡಿಗೆ ಅಂಟಿದ ಒಣ ಪೊರೆ ಸಿಕ್ಕಿತೇ? ಬರೆದಿಡಿ. ಕೆಲವು ಪ್ರಭೇದಗಳು ಕೊಳೆ ನೀರನ್ನೂ ತಾಳುತ್ತವೆ. ಆದ್ದರಿಂದ ಒಂದೇ ಬಗೆ ಕಂಡಿತೆಂದು ಕೆರೆ ಚೆನ್ನಾಗಿದೆ ಎನ್ನುವಂತಿಲ್ಲ. ಎಷ್ಟು ಬಗೆ ಕಂಡವು ಎಂಬುದು ಮುಖ್ಯ.

ಉತ್ತರಿಸಿ

1. ಕುಳಿತ ಡ್ಯಾಮ್ಸೆಲ್ ಫ್ಲೈಯನ್ನು ಏರೋಪ್ಲೇನ್ ಚಿಟ್ಟೆಯಿಂದ ಹೇಗೆ ಬೇರ್ಪಡಿಸುವಿರಿ?
2. ಅಪ್ಸರೆ ಬೇಟೆಯನ್ನು ಹೇಗೆ ಹಿಡಿಯುತ್ತದೆ?
3. ನಿಮ್ಮೂರಿನ ಕೆರೆ ದುರಸ್ತಿಯಾಗುವಾಗ ಗ್ರಾಮ ಪಂಚಾಯಿತಿಗೆ ನೀವು ಏನು ಹೇಳುವಿರಿ? ಒಂದು ಪತ್ರ ಬರೆಯಿರಿ.